ಮರೆವು, ಚಕ್ರ ಮತ್ತು ಕಾನೂನು: ಜಪಾನ್ ಕಲಿತ ಪಾಠ

2016ರ ಅಕ್ಟೋಬರ್ 28ರ ಬೆಳಿಗ್ಗೆ. ಜಪಾನಿನ ಯೊಕೊಹಾಮಾ ನಗರದಲ್ಲಿ ಮಕ್ಕಳು ಸಾಲಾಗಿ ಶಾಲೆಗೆ ನಡೆದು ಹೋಗುತ್ತಿದ್ದರು. ಒಂದು ಪುಟ್ಟ ಸರಕು ಟ್ರಕ್ಕು ಆ ಸಾಲಿನತ್ತ ನುಗ್ಗಿತು. ಒಂದನೇ ತರಗತಿಯ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಇತರ ಮಕ್ಕಳು ಗಾಯಗೊಂಡರು. ಟ್ರಕ್ಕು ಓಡಿಸುತ್ತಿದ್ದವರು 87 ವರ್ಷದ ವೃದ್ಧರು. ಕಸ ಎಸೆದು ಬರಲೆಂದು ಹಿಂದಿನ ದಿನವೇ ಮನೆಯಿಂದ ಹೊರಟಿದ್ದರು. ಆಮೇಲೆ ಯಾವ ದಾರಿ ಹಿಡಿದರು, ಎಲ್ಲೆಲ್ಲಿ ಸುತ್ತಿದರು ಎಂಬುದು ಅವರಿಗೇ ನೆನಪಿರಲಿಲ್ಲ.

2017ರ ಮಾರ್ಚ್ ಕೊನೆಗೆ ಸರಕಾರಿ ವಕೀಲರು ಅವರ ಮೇಲೆ ಮೊಕದ್ದಮೆ ಹೂಡದಿರಲು ತೀರ್ಮಾನಿಸಿದರು. ಅವರಿಗೆ ಅಲ್‌ಝೈಮರ್ ಕಾಯಿಲೆಯ ಶಂಕೆ ಇತ್ತು. ತಾನು ಸುರಕ್ಷಿತವಾಗಿ ಓಡಿಸಲಾರೆ ಎಂಬುದು ಅವರಿಗೆ ಗೊತ್ತಿತ್ತೆಂದು ಸಾಬೀತುಪಡಿಸುವುದು ಸಾಧ್ಯವಿರಲಿಲ್ಲ.

ಹಾಗಾದರೆ ಆ ಮಗುವಿನ ಸಾವಿಗೆ ಹೊಣೆ ಯಾರು? ತನಗೆ ಮರೆವು ಬಂದಿದೆ ಎಂಬುದನ್ನೇ ಮರೆತ ಮನುಷ್ಯನೇ? ಅವನ ಕೈಯಿಂದ ಕೀಲಿ ಕಿತ್ತುಕೊಳ್ಳದ ಮನೆಯವರೇ? ಲೈಸೆನ್ಸ್ ಕೊಟ್ಟ ಸರಕಾರವೇ? ಈ ಪ್ರಶ್ನೆಗೆ ಜಪಾನಿನಷ್ಟು ದೀರ್ಘ ಕಾಲ ಉತ್ತರ ಹುಡುಕಿದ ದೇಶಗಳು ಕಡಿಮೆ. ಆ ಹುಡುಕಾಟಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ಅದರಲ್ಲಿ ಗೆಲುವೂ ಇದೆ, ಸೋಲೂ ಇದೆ. ಮನೆಯಲ್ಲಿ ವಯಸ್ಸಾದವರಿರುವ ಎಲ್ಲರಿಗೂ ಅದರಲ್ಲಿ ತಿಳಿಯಬೇಕಾದ್ದಿದೆ.

ಮೂರು ಪದಗಳ ಪರೀಕ್ಷೆ

1970ರಲ್ಲಿ ಜಪಾನಿನ ಜನಸಂಖ್ಯೆಯಲ್ಲಿ 65 ದಾಟಿದವರ ಪಾಲು ಶೇಕಡ 7 ಮುಟ್ಟಿತು. 1994ಕ್ಕೆ ಅದು ಶೇಕಡ 14 ಆಯಿತು. ಯುರೋಪಿನ ಹಲವು ದೇಶಗಳು ಇದಕ್ಕಿಂತ ಎಷ್ಟೋ ಹೆಚ್ಚು ಕಾಲದಲ್ಲಿ ನಡೆದ ದಾರಿಯನ್ನು ಜಪಾನ್ ಕೇವಲ 24 ವರ್ಷಗಳಲ್ಲಿ ಮುಗಿಸಿತು. ಇದೇ ಅವಧಿಯಲ್ಲಿ ಅಲ್ಲಿನ ಸಾಮಾನ್ಯ ಕುಟುಂಬಗಳೂ ಕಾರು ಕೊಂಡವು. ಒಂದೇ ತಲೆಮಾರು ಕಾರು ಕಲಿಯಿತು, ಅದೇ ತಲೆಮಾರು ಮುದಿಯೂ ಆಯಿತು.

ಮನೆಯ ನಾಲ್ಕು ಗೋಡೆಗಳ ನಡುವೆ ಅಡಗಿದ್ದ ಸಂಗತಿಯನ್ನು ಮೊದಲು ಬೀದಿಗೆ ತಂದದ್ದು ಸಾಹಿತ್ಯ. 1972ರಲ್ಲಿ ಲೇಖಕಿ ಸವಾಕೊ ಅರಿಯೊಶಿಯವರ 'ಕೋಕೊತ್ಸು ನೊ ಹಿತೊ' ಕಾದಂಬರಿ ಪ್ರಕಟವಾಯಿತು. ಬುದ್ಧಿ ಮಂಕಾಗುತ್ತಿರುವ ಮಾವನನ್ನು ಸೊಸೆಯೊಬ್ಬಳು ನೋಡಿಕೊಳ್ಳುವ ಕತೆ ಅದು. ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದವು.

ಎರಡು ವರ್ಷಗಳ ಬಳಿಕ, 1974ರಲ್ಲಿ, ಡಾ. ಕಜುವೊ ಹಸೆಗಾವಾ ಎಂಬ ಮನೋವೈದ್ಯರು ಮರೆವಿನ ಕಾಯಿಲೆಯನ್ನು ಅಳೆಯಲು ಸರಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. 1991ರಲ್ಲಿ ಅದನ್ನು ಪರಿಷ್ಕರಿಸಿದರು. ನಿಮ್ಮ ವಯಸ್ಸೆಷ್ಟು? ಇವತ್ತು ಯಾವ ದಿನ? ನೂರರಿಂದ ಏಳು ಕಳೆದರೆ ಎಷ್ಟು? ಚೆರಿ ಹೂವು, ಬೆಕ್ಕು, ರೈಲು ಎಂಬ ಮೂರು ಪದಗಳನ್ನು ಹೇಳಿಸಿ, ಸ್ವಲ್ಪ ಹೊತ್ತಿನ ಬಳಿಕ ಆ ಮೂರು ಯಾವುವು ಎಂದು ಮತ್ತೆ ಕೇಳುವುದು. ಒಟ್ಟು 30 ಅಂಕ. 20 ಅಥವಾ ಅದಕ್ಕಿಂತ ಕಡಿಮೆ ಬಂದರೆ ಶಂಕೆ. ಯಂತ್ರ ಬೇಡ, ರಕ್ತ ಬೇಡ, ಒಂದು ಹಾಳೆ ಸಾಕು. ಜಪಾನಿನ ಆಸ್ಪತ್ರೆಗಳಲ್ಲೆಲ್ಲ ಇದು ಬಳಕೆಗೆ ಬಂತು. ಈ ವೈದ್ಯರ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ.

ಉದುರಿದ ಎಲೆ

ಜಪಾನಿನ ಈಗಿನ ರಸ್ತೆ ಸಂಚಾರ ಕಾನೂನು 1960ರದ್ದು. ವಯಸ್ಸಾದ ಚಾಲಕರ ಬಗ್ಗೆ ಅದು ಗಂಭೀರವಾಗಿ ಯೋಚಿಸತೊಡಗಿದ್ದು 1990ರ ದಶಕದ ಕೊನೆಗೆ. 1997ರಲ್ಲಿ ವೃದ್ಧ ಚಾಲಕರ ಕಾರಿಗೆ ಅಂಟಿಸುವ ಗುರುತೊಂದು ಬಂತು. ಕಿತ್ತಳೆ ಮತ್ತು ಹಳದಿ ಬಣ್ಣದ ಎಲೆಯಾಕಾರದ ಗುರುತು. ಸರಕಾರದ ಮನಸ್ಸಿನಲ್ಲಿದ್ದುದು ಶರತ್ಕಾಲದ ಚೆಲುವಾದ ಮೇಪಲ್ ಎಲೆ. ಜನ ಅದನ್ನು ಕರೆದದ್ದು 'ಒಣಗಿದ ಎಲೆ', 'ಉದುರಿದ ಎಲೆ' ಎಂದು. ಹಿರಿಯರಿಗೆ ಇದು ನೋವು ತಂದಿತು. ನಾವು ಉದುರಲು ಕಾದಿರುವ ಎಲೆಗಳೇ ಎಂದು ಕೇಳಿದರು. 2008ರಲ್ಲಿ 75 ದಾಟಿದವರಿಗೆ ಈ ಗುರುತನ್ನು ಕಡ್ಡಾಯ ಮಾಡಿ ದಂಡವನ್ನೂ ಗೊತ್ತುಪಡಿಸಲಾಯಿತು. ವಿರೋಧ ಎಷ್ಟಿತ್ತೆಂದರೆ ಮರು ವರ್ಷವೇ ಆ ದಂಡವನ್ನು ಕೈಬಿಡಬೇಕಾಯಿತು. 2011ರಲ್ಲಿ ಗುರುತನ್ನೇ ಬದಲಿಸಿ ನಾಲ್ಕು ದಳಗಳ ಹೊಸ ಚಿತ್ರ ತರಲಾಯಿತು. ಸಣ್ಣ ಸಂಗತಿ ಎನಿಸಬಹುದು. ಆದರೆ ಅವಮಾನಿಸಿ ಪಾಲಿಸಲು ಹೇಳಿದ ನಿಯಮವನ್ನು ಜನ ಪಾಲಿಸುವುದಿಲ್ಲ ಎಂಬ ಪಾಠ ಅದರಲ್ಲಿದೆ.

1998ರಲ್ಲಿ ಎರಡು ಕ್ರಮಗಳು ಜಾರಿಗೆ ಬಂದವು. 75 ದಾಟಿದವರು ಲೈಸೆನ್ಸ್ ನವೀಕರಿಸುವಾಗ ತರಬೇತಿ ತರಗತಿಗೆ ಹಾಜರಾಗಬೇಕು. ಬೇಡವೆನಿಸಿದವರು ತಾವಾಗಿಯೇ ಲೈಸೆನ್ಸ್ ಮರಳಿಸಬಹುದು. ಮೊದಮೊದಲು ವರ್ಷಕ್ಕೆ ಕೆಲವೇ ಸಾವಿರ ಮಂದಿ ಮರಳಿಸಿದರು. ಕಾರಣ ಸರಳ. ಲೈಸೆನ್ಸ್ ಎಂದರೆ ಬರೀ ಗಾಡಿ ಓಡಿಸುವ ಅನುಮತಿಯಲ್ಲ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ 'ನಾನು ಇಂಥವನು' ಎಂದು ತೋರಿಸುವ ಚೀಟಿಯೂ ಹೌದು. ಆದ್ದರಿಂದ 2002ರಲ್ಲಿ, ಲೈಸೆನ್ಸ್ ಮರಳಿಸಿದವರಿಗೆ ಇಷ್ಟು ಕಾಲ ವಾಹನ ಓಡಿಸಿದ್ದರು ಎಂಬ ಪ್ರಮಾಣಪತ್ರ ಕೊಡುವ ಪದ್ಧತಿ ಶುರುವಾಯಿತು. ಅದನ್ನು ಕಾಯಂ ಗುರುತಿನ ಚೀಟಿಯಾಗಿ ಒಪ್ಪಿಕೊಂಡದ್ದು 2012ರಲ್ಲಿ. ಕೀಲಿ ಕೊಟ್ಟವರ ಹೆಸರನ್ನಾದರೂ ಉಳಿಸಬೇಕು ಎಂಬುದು ಅರ್ಥವಾಗಲು ಹದಿನಾಲ್ಕು ವರ್ಷ ಬೇಕಾಯಿತು.

ಒಂದೇ ವರ್ಷ, ಎರಡು ಕಾನೂನು

2002ನೇ ವರ್ಷವನ್ನು ನಾವು ವಿಶೇಷವಾಗಿ ಗಮನಿಸಬೇಕು. ಆ ವರ್ಷದ ಜೂನ್‌ನಲ್ಲಿ ಮರೆವಿನ ಕಾಯಿಲೆಯನ್ನು ಲೈಸೆನ್ಸ್ ರದ್ದುಪಡಿಸಬಹುದಾದ ಕಾರಣವೆಂದು ಹೇಳುವ ತಿದ್ದುಪಡಿ ಜಾರಿಗೆ ಬಂತು. ಅದಕ್ಕೆ ನಾಲ್ಕು ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಬಸ್ ಸಾರಿಗೆಯ ಮೇಲಿನ ಸರಕಾರಿ ನಿಯಂತ್ರಣ ಸಡಿಲಿಸುವ ಇನ್ನೊಂದು ಕಾನೂನು ಜಾರಿಗೆ ಬಂದಿತ್ತು. ಅದುವರೆಗೆ ಬಸ್ ಕಂಪೆನಿ ಒಂದು ಮಾರ್ಗವನ್ನು ನಿಲ್ಲಿಸಬೇಕಾದರೆ ಸರಕಾರದ ಒಪ್ಪಿಗೆ ಬೇಕಿತ್ತು. ಇನ್ನು ಮುಂದೆ ಮುಂಚಿತವಾಗಿ ತಿಳಿಸಿದರೆ ಸಾಕು ಎಂದಾಯಿತು. ಲಾಭವಿಲ್ಲದ ಹಳ್ಳಿಯ ಮಾರ್ಗಗಳ ಗತಿ ಏನಾಗುತ್ತದೆಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. 1987ರಲ್ಲಿ ರೈಲ್ವೆ ಖಾಸಗಿಯಾಗುವ ಹೊತ್ತಿಗೆ ಎಷ್ಟೋ ಊರುಗಳು ತಮ್ಮ ಸಣ್ಣ ರೈಲುದಾರಿಯನ್ನು ಕಳೆದುಕೊಂಡಿದ್ದವು. ಈಗ ಬಸ್ಸೂ ಅನಿಶ್ಚಿತವಾಯಿತು.

ಒಂದು ಕಾನೂನು 'ನೀವು ಓಡಿಸಬೇಡಿ' ಎಂದಿತು. ಇನ್ನೊಂದು 'ನಿಮಗೆ ಬಸ್ಸೂ ಇರಲಿಕ್ಕಿಲ್ಲ' ಎಂದಿತು. ಇವೆರಡನ್ನೂ ಬರೆದವರು ಬೇರೆ ಬೇರೆ ಇಲಾಖೆಯವರು. ಆದರೆ ಎರಡೂ ಬಂದು ಬಿದ್ದದ್ದು ಒಬ್ಬನೇ ಮುದುಕನ ತಲೆಯ ಮೇಲೆ. ಪರೀಕ್ಷೆ ಎಷ್ಟೇ ಚೆನ್ನಾಗಿರಲಿ, ಅದರಲ್ಲಿ ಸೋತವನು ನಾಳೆ ಆಸ್ಪತ್ರೆಗೆ ಹೇಗೆ ಹೋಗಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರುವುದಿಲ್ಲ.

ಇನ್ನು ಹೆಸರಿನ ಸಂಗತಿ. ಅದುವರೆಗೆ ಜಪಾನೀ ಭಾಷೆಯಲ್ಲಿ ಈ ಕಾಯಿಲೆಗೆ 'ಚಿಹೋ' ಎಂಬ ಹೆಸರಿತ್ತು. ಅದನ್ನು ಬರೆಯುವ ಎರಡು ಅಕ್ಷರಗಳ ಅರ್ಥ ಮೂರ್ಖತನ, ಮಂಕುತನ. ನಮ್ಮಲ್ಲೂ 'ಅರುವತ್ತಕ್ಕೆ ಅರಳುಮರಳು' ಎಂದು ನಗುತ್ತಲೇ ಹೇಳಿಬಿಡುತ್ತೇವಲ್ಲ, ಹಾಗೆ. ಮೂರ್ಖ ಎಂಬ ಹಣೆಪಟ್ಟಿ ಹಚ್ಚಿಸಿಕೊಳ್ಳಲು ಯಾರು ತಾನೇ ವೈದ್ಯರ ಬಳಿ ಹೋಗುತ್ತಾರೆ? 2004ರ ಡಿಸೆಂಬರ್‌ನಲ್ಲಿ ಸರಕಾರ ಆ ಪದವನ್ನು ಕೈಬಿಟ್ಟು 'ನಿಂಚಿಶೋ' ಎಂಬ ಪದವನ್ನು ಬಳಕೆಗೆ ತಂದಿತು. ಅರಿವಿಗೆ ಸಂಬಂಧಿಸಿದ ಕಾಯಿಲೆ ಎಂದು ಅದರ ಭಾವ. ಈ ಬದಲಾವಣೆಯನ್ನು ಸೂಚಿಸಿದ ಸಮಿತಿಯಲ್ಲಿ ಡಾ. ಹಸೆಗಾವಾ ಕೂಡ ಇದ್ದರು.

ಹದಿನಾರು ಚಿತ್ರಗಳು, ಒಂದು ಗಡಿಯಾರ

2009ರ ಜೂನ್‌ನಿಂದ 75 ದಾಟಿದ ಪ್ರತಿಯೊಬ್ಬರೂ ಲೈಸೆನ್ಸ್ ನವೀಕರಣಕ್ಕೆ ಮುನ್ನ ಬುದ್ಧಿಶಕ್ತಿಯ ಪರೀಕ್ಷೆಗೆ ಕೂರಬೇಕಾಯಿತು. ಅದರಲ್ಲಿ ಮೂರು ಭಾಗಗಳಿದ್ದವು. ಇವತ್ತಿನ ವರ್ಷ, ತಿಂಗಳು, ದಿನ, ವಾರ, ಸಮಯ ಬರೆಯುವುದು. 16 ಚಿತ್ರಗಳನ್ನು ನೋಡಿ, ನಡುವೆ ಬೇರೊಂದು ಕೆಲಸ ಮಾಡಿ, ಬಳಿಕ ಆ ಚಿತ್ರಗಳನ್ನು ನೆನಪಿಸಿಕೊಳ್ಳುವುದು. ಗಡಿಯಾರದ ಮುಖ ಬಿಡಿಸಿ ಹೇಳಿದ ಸಮಯಕ್ಕೆ ಮುಳ್ಳುಗಳನ್ನು ಇಡುವುದು. ನೂರಕ್ಕೆ 49ಕ್ಕಿಂತ ಕಡಿಮೆ ಬಂದವರು ಮೊದಲ ಗುಂಪಿಗೆ, ಅಂದರೆ ಕಾಯಿಲೆಯ ಶಂಕೆಯಿರುವವರ ಗುಂಪಿಗೆ.

ಆದರೆ ಈ ಗುಂಪಿಗೆ ಬಿದ್ದ ಮಾತ್ರಕ್ಕೆ ಅವರನ್ನು ವೈದ್ಯರ ಬಳಿ ಕಳಿಸುತ್ತಿರಲಿಲ್ಲ. ಸಿಗ್ನಲ್ ದಾಟುವಂಥ ನಿರ್ದಿಷ್ಟ ತಪ್ಪೂ ಜೊತೆಗಿದ್ದರೆ ಮಾತ್ರ ತಪಾಸಣೆ. ಈ ಸಡಿಲು 2015ರಲ್ಲಿ ಅಂಗೀಕಾರವಾದ ತಿದ್ದುಪಡಿಯಿಂದ ಮುಚ್ಚಿತು. 2017ರ ಮಾರ್ಚ್ 12ರಿಂದ ಮೊದಲ ಗುಂಪಿನ ಎಲ್ಲರಿಗೂ ವೈದ್ಯರ ತಪಾಸಣೆ ಕಡ್ಡಾಯವಾಯಿತು. ಯೊಕೊಹಾಮಾದ ಆ ಮಗು ಸತ್ತು ಆಗ ಐದು ತಿಂಗಳೂ ಆಗಿರಲಿಲ್ಲ.

ಮೊದಲ ಒಂದು ವರ್ಷದಲ್ಲಿ ಸುಮಾರು 21 ಲಕ್ಷ ಮಂದಿ ಪರೀಕ್ಷೆಗೆ ಕುಳಿತರು. ಸುಮಾರು 57 ಸಾವಿರ ಮಂದಿ ಮೊದಲ ಗುಂಪಿಗೆ ಬಿದ್ದರು. ಕಾಯಿಲೆ ಖಚಿತವಾಗಿ ಲೈಸೆನ್ಸ್ ರದ್ದಾದವರು ಅಥವಾ ಅಮಾನತಾದವರು ಸುಮಾರು 1,900 ಮಂದಿ. ಉಳಿದವರಲ್ಲಿ ಬಹಳಷ್ಟು ಮಂದಿ ವೈದ್ಯರ ಬಾಗಿಲು ತಟ್ಟುವ ಮೊದಲೇ ಲೈಸೆನ್ಸ್ ಮರಳಿಸಿದರು ಅಥವಾ ನವೀಕರಿಸದೆ ಬಿಟ್ಟರು.

ಇಲ್ಲೊಂದು ಗಂಭೀರ ತಕರಾರು ಎದ್ದಿತು, ಅದೂ ವೈದ್ಯರಿಂದಲೇ. ವೈದ್ಯರು ತಮ್ಮ ಕೋಣೆಯಲ್ಲಿ ಕೂತು ಕಾಯಿಲೆ ಇದೆಯೋ ಇಲ್ಲವೋ ಹೇಳಬಲ್ಲರು. ಆ ಮನುಷ್ಯ ರಸ್ತೆಯಲ್ಲಿ ಹೇಗೆ ಓಡಿಸುತ್ತಾನೆ ಎಂಬುದನ್ನು ಅವರು ನೋಡಿಯೇ ಇರುವುದಿಲ್ಲ. ಆದರೆ ಜಪಾನಿನ ಕಾನೂನಿನಲ್ಲಿ ಕಾಯಿಲೆಯ ಹೆಸರು ಬಂದರೆ ಲೈಸೆನ್ಸ್ ಹೋಗುತ್ತದೆ. ಇದು ನ್ಯಾಯವೇ?

ಇದೇ ಪ್ರಶ್ನೆಯನ್ನು ಅಮೆರಿಕದ ಸಂಶೋಧಕರು ಬಹಳ ಮೊದಲೇ ಎದುರಿಸಿದ್ದರು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅಲ್‌ಝೈಮರ್ ರೋಗಿಗಳನ್ನು ನಿಜವಾದ ರಸ್ತೆಗೇ ಕರೆದೊಯ್ದು ಓಡಿಸಲು ಹೇಳಿದರು. 1997ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಾಯಿಲೆ ತೀರಾ ಆರಂಭದಲ್ಲಿದ್ದವರ ಪೈಕಿ ಶೇಕಡ 19 ಮತ್ತು ಸೌಮ್ಯ ಹಂತದಲ್ಲಿದ್ದವರ ಪೈಕಿ ಶೇಕಡ 41 ಮಂದಿ ಅನುತ್ತೀರ್ಣರಾದರು. ಕಾಯಿಲೆ ಇಲ್ಲದ ವೃದ್ಧರಲ್ಲಿ ಈ ಪ್ರಮಾಣ ಶೇಕಡ 3. ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬೇಕು. ಅಪಾಯ ನಿಜ. ಆದರೆ ಸೌಮ್ಯ ಹಂತದಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಆ ದಿನ ಸರಿಯಾಗಿಯೇ ಓಡಿಸಿದರು. ಕಾಯಿಲೆಯ ಹೆಸರೊಂದೇ ತೀರ್ಪು ಆಗಲಾರದು, 'ಈಗ ಸರಿ ಇದ್ದಾರಲ್ಲ' ಎಂದು ಸುಮ್ಮನಿರುವುದೂ ಆಗದು. ಕಾಯಿಲೆ ಮುಂದುವರಿಯುವಂಥದ್ದು. ಅದಕ್ಕಾಗಿಯೇ ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2000ದಲ್ಲಿ, ಆರಂಭದ ಹಂತದವರನ್ನು ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಬೇಕೆಂದು ಸಲಹೆ ನೀಡಿತು. 2010ರಲ್ಲಿ ಅದೇ ಅಕಾಡೆಮಿ ಇನ್ನೊಂದು ಮಾತು ಸೇರಿಸಿತು. 'ನಾನು ಚೆನ್ನಾಗಿ ಓಡಿಸುತ್ತೇನೆ' ಎಂಬ ರೋಗಿಯ ಮಾತನ್ನು ನೆಚ್ಚಲಾಗದು, 'ಅವರ ಪಕ್ಕದಲ್ಲಿ ಕೂರಲು ಭಯವಾಗುತ್ತದೆ' ಎಂಬ ಮನೆಯವರ ಮಾತನ್ನು ನೆಚ್ಚಬಹುದು.

ಮನೆಯವರ ಹೊಣೆ ಎಷ್ಟು?

ಹಾಗಾದರೆ ಎಲ್ಲವನ್ನೂ ಮನೆಯವರ ಮೇಲೆ ಹೊರಿಸಿಬಿಡೋಣವೇ? ಇದಕ್ಕೆ ಜಪಾನಿನ ಸುಪ್ರೀಂ ಕೋರ್ಟ್ ಒಂದು ಉತ್ತರ ಕೊಟ್ಟಿದೆ. ಆ ಪ್ರಕರಣ ಕಾರಿನದಲ್ಲ, ರೈಲಿನದು. 2007ರ ಡಿಸೆಂಬರ್‌ನಲ್ಲಿ ಐಚಿ ಪ್ರಾಂತ್ಯದ ಓಬು ಎಂಬ ಊರಿನಲ್ಲಿ, ಮರೆವಿನ ಕಾಯಿಲೆಯಿದ್ದ 91 ವರ್ಷದ ವೃದ್ಧರು ಮನೆಯಿಂದ ಹೊರಬಿದ್ದು ರೈಲು ಹಳಿ ಸೇರಿ ಪ್ರಾಣ ಬಿಟ್ಟರು. ಆ ಹೊತ್ತಿನಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ 85 ವರ್ಷದ ಹೆಂಡತಿಗೆ ಜೋಂಪು ಹತ್ತಿತ್ತು. ರೈಲುಗಳು ತಡವಾದ ನಷ್ಟಕ್ಕಾಗಿ ರೈಲ್ವೆ ಕಂಪೆನಿ ಸುಮಾರು 72 ಲಕ್ಷ ಯೆನ್ ಕೇಳಿ ದಾವೆ ಹೂಡಿತು. ಕೆಳಗಿನ ನ್ಯಾಯಾಲಯ ಹೆಂಡತಿಯೂ ಮಗನೂ ಆ ಹಣ ಕೊಡಬೇಕೆಂದಿತು. ಮೇಲಿನ ನ್ಯಾಯಾಲಯ ಹೆಂಡತಿ ಅರ್ಧ ಕೊಡಬೇಕೆಂದಿತು. 2016ರ ಮಾರ್ಚ್ 1ರಂದು ಸುಪ್ರೀಂ ಕೋರ್ಟ್ ಇಬ್ಬರನ್ನೂ ಹೊಣೆಯಿಂದ ಬಿಡಿಸಿತು. ಹೆಂಡತಿ ಅಥವಾ ಮಗ ಎಂಬ ಒಂದೇ ಕಾರಣಕ್ಕೆ ಅವರನ್ನು ಹೊಣೆಗಾರರನ್ನಾಗಿಸಲಾಗದು ಎಂಬುದು ತೀರ್ಪಿನ ತಿರುಳು. 85ರ ಮುದುಕಿಯೊಬ್ಬಳು ಹಗಲಿರುಳು ಕಣ್ಣು ಮುಚ್ಚದೆ ಕಾವಲಿರಬೇಕೆಂದು ಯಾವ ಸಮಾಜವೂ ಕೇಳಬಾರದು.

ಪರೀಕ್ಷೆಗೆ ಸಿಗದ ತಪ್ಪು

2019ರ ಏಪ್ರಿಲ್ 19ರಂದು ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಮಾಜಿ ಸರಕಾರಿ ಅಧಿಕಾರಿಯೊಬ್ಬರ ಕಾರು ಜನರ ಮೇಲೆ ಹರಿಯಿತು. 31 ವರ್ಷದ ತಾಯಿ ಮತ್ತು ಮೂರು ವರ್ಷದ ಮಗಳು ಸ್ಥಳದಲ್ಲೇ ಇಲ್ಲವಾದರು. ಕಾರಿನಲ್ಲೇ ದೋಷವಿತ್ತೆಂದು ಚಾಲಕ ವಾದಿಸಿದರು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದೇ ಕಾರಣ ಎಂದು ನ್ಯಾಯಾಲಯ ಹೇಳಿತು. 2021ರಲ್ಲಿ ಐದು ವರ್ಷದ ಸೆರೆ ವಿಧಿಸಲಾಯಿತು. ಶಿಕ್ಷೆಯ ಅವಧಿ ಮುಗಿಯುವ ಮುನ್ನವೇ, 2024ರಲ್ಲಿ, ಅವರು ತೀರಿಕೊಂಡರು.

ಈ ಪ್ರಕರಣ ಮರೆವಿನದ್ದಲ್ಲ, ಕಾಲಿನದ್ದು. ಹದಿನಾರು ಚಿತ್ರಗಳನ್ನು ನೆನಪಿಟ್ಟುಕೊಳ್ಳಬಲ್ಲವನ ಕಾಲು ಸರಿಯಾದ ಪೆಡಲಿಗೆ ಹೋಗುತ್ತದೆ ಎಂಬ ಖಾತ್ರಿಯನ್ನು ಯಾವ ಹಾಳೆಯೂ ಕೊಡಲಾರದು. ಇಡೀ ದೇಶ ತಲ್ಲಣಿಸಿತು. ಆ ಒಂದೇ ವರ್ಷ ಸುಮಾರು ಆರು ಲಕ್ಷ ಮಂದಿ ಲೈಸೆನ್ಸ್ ಮರಳಿಸಿದರು, ಅವರಲ್ಲಿ ಸುಮಾರು ಮೂರೂವರೆ ಲಕ್ಷ ಮಂದಿ 75 ದಾಟಿದವರು. 2020ರಲ್ಲಿ ಮತ್ತೆ ಕಾನೂನು ತಿದ್ದಲಾಯಿತು. 2022ರ ಮೇ ತಿಂಗಳಿಂದ, ಹಿಂದಿನ ಮೂರು ವರ್ಷಗಳಲ್ಲಿ ನಿರ್ದಿಷ್ಟ ತಪ್ಪು ಮಾಡಿದ 75 ದಾಟಿದ ಚಾಲಕರು ವಾಹನ ಓಡಿಸಿಯೇ ತೋರಿಸಬೇಕು. ಹೇಳಿದ ವೇಗದಲ್ಲಿ ಹೋಗಬೇಕು, ನಿಲ್ಲುವ ಗೆರೆಯಲ್ಲಿ ನಿಲ್ಲಬೇಕು, ಸಣ್ಣ ಮೆಟ್ಟಿಲಿನ ಮೇಲೆ ಗಾಲಿ ಹತ್ತಿಸಿ ತಕ್ಷಣ ಬ್ರೇಕ್ ಒತ್ತಬೇಕು. ಬರವಣಿಗೆಯ ಪರೀಕ್ಷೆಯಿಂದ ಗಡಿಯಾರದ ಚಿತ್ರವನ್ನು ಕೈಬಿಡಲಾಯಿತು.

ಆದರೂ ಒಂದು ಕೊರತೆ ಉಳಿದಿದೆ. ಓಡಿಸಿ ತೋರಿಸುವ ಅವಕಾಶ ನಿಯಮ ತಪ್ಪಿದವರಿಗೆ. ನೆನಪಿನ ಪರೀಕ್ಷೆಯಲ್ಲಿ ಸೋತವರ ಭವಿಷ್ಯ ಈಗಲೂ ವೈದ್ಯರ ಚೀಟಿಯಲ್ಲೇ ತೀರ್ಮಾನವಾಗುತ್ತದೆ.

ಉಳಿದ ಪ್ರಾಣ, ಬಿದ್ದ ಪೆಟ್ಟು

ಇಷ್ಟೆಲ್ಲ ಮಾಡಿದ್ದರಿಂದ ಏನಾಯಿತು? ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಸಂಶೋಧಕರು 2012ರಿಂದ 2019ರವರೆಗಿನ ಪೊಲೀಸ್ ಅಂಕಿ ಅಂಶಗಳನ್ನು ಪರಿಶೀಲಿಸಿ 2023ರಲ್ಲಿ ಉತ್ತರ ಕೊಟ್ಟರು. 2017ರ ನಿಯಮ ಬಂದ ಬಳಿಕ 75 ದಾಟಿದ ಚಾಲಕರ ಅಪಘಾತಗಳು ನಿರೀಕ್ಷೆಗಿಂತ ಸುಮಾರು 3,670ರಷ್ಟು ಕಡಿಮೆಯಾದವು. ಇದು ದೊಡ್ಡ ಗೆಲುವು. ಆದರೆ ಅದೇ ವಯಸ್ಸಿನವರು ಪಾದಚಾರಿಗಳಾಗಿ, ಸೈಕಲ್ ಸವಾರರಾಗಿ ರಸ್ತೆಯಲ್ಲಿ ಗಾಯಗೊಂಡದ್ದು ನಿರೀಕ್ಷೆಗಿಂತ ಸುಮಾರು 960ರಷ್ಟು ಹೆಚ್ಚಾಯಿತು. ಕಾರಿನಿಂದ ಇಳಿದವರು ಮನೆಯಲ್ಲಿ ಕೂರಲಿಲ್ಲ. ಕೂರುವಂತೆಯೂ ಇರಲಿಲ್ಲ. ಅಂಗಡಿಗೆ, ಆಸ್ಪತ್ರೆಗೆ ಹೋಗಲೇಬೇಕಿತ್ತು. ಅವರು ನಡೆದರು, ಸೈಕಲ್ ತುಳಿದರು, ಪೆಟ್ಟು ತಿಂದರು.

ಅದೇ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಹೇಳುವಂತೆ, ವಾಹನ ಬಿಟ್ಟ ವೃದ್ಧರು ಇತರರ ಆರೈಕೆಯನ್ನೇ ನೆಚ್ಚಿ ಬದುಕುವ ಸ್ಥಿತಿಗೆ ಬರುವ ಸಾಧ್ಯತೆ, ಓಡಿಸುತ್ತಲೇ ಇದ್ದವರಿಗಿಂತ ಸುಮಾರು ಎರಡು ಪಟ್ಟು. ಬಸ್ಸು, ರೈಲು, ಸೈಕಲ್ ಬಳಸುತ್ತಿದ್ದವರಲ್ಲಿ ಈ ಅಪಾಯ ಕಡಿಮೆಯಿತ್ತು. ಅಂದರೆ ಕೀಲಿ ಕೊಟ್ಟದ್ದಕ್ಕಿಂತ ಹೆಚ್ಚಾಗಿ, ಕೀಲಿ ಕೊಟ್ಟ ಮೇಲೆ ಹೊಸಿಲೊಳಗೇ ಉಳಿದದ್ದು ಅವರನ್ನು ಕುಗ್ಗಿಸಿತು.

ಇದಕ್ಕೆ ದಾರಿ ಇಲ್ಲವೆಂದಲ್ಲ. ಟೋಕಿಯೊ ಪಕ್ಕದ ಮುಸಾಶಿನೊ ಪಟ್ಟಣ 1995ರಲ್ಲೇ ಇಕ್ಕಟ್ಟಿನ ಬೀದಿಗಳಲ್ಲಿ ಸುತ್ತುವ ಪುಟ್ಟ ಬಸ್ಸುಗಳನ್ನು ಓಡಿಸತೊಡಗಿತ್ತು. ಟಿಕೆಟ್ ಆಗ 100 ಯೆನ್ ಇತ್ತು. ಬೇರೆ ಎಷ್ಟೋ ಊರುಗಳು ಅದನ್ನು ಅನುಸರಿಸಿದವು. ಪರೀಕ್ಷೆಯ ಪಕ್ಕದಲ್ಲಿ ಇಂಥ ಬಸ್ಸು ನಿಂತಿದ್ದರೆ, ಕೀಲಿ ಕೊಡುವ ಕೈ ಅಷ್ಟು ನಡುಗುವುದಿಲ್ಲ.

ಪ್ರಶ್ನೆ ಕೇಳಿದವರೇ ಉತ್ತರಿಸಬೇಕಾದಾಗ

ಡಾ. ಹಸೆಗಾವಾ ಅವರ ವಿಷಯಕ್ಕೆ ಮರಳೋಣ. ಚೆರಿ ಹೂವು, ಬೆಕ್ಕು, ರೈಲು ನೆನಪಿದೆಯೇ ಎಂದು ಇಡೀ ದೇಶಕ್ಕೆ ಕೇಳಲು ಕಲಿಸಿದ ಅವರು, 2017ರಲ್ಲಿ, ತಮ್ಮ 88ನೇ ವಯಸ್ಸಿನಲ್ಲಿ, ತಮಗೂ ಅದೇ ಕಾಯಿಲೆ ಬಂದಿದೆ ಎಂದು ಬಹಿರಂಗವಾಗಿ ಹೇಳಿದರು. ಮುಚ್ಚಿಡಲಿಲ್ಲ. ಭಾಷಣ ಮಾಡಿದರು, ಪುಸ್ತಕ ಬರೆದರು. ಜಪಾನಿನ ಸಾರ್ವಜನಿಕ ದೂರದರ್ಶನ ಅವರ ದಿನಚರಿಯ ಸಾಕ್ಷ್ಯಚಿತ್ರವನ್ನು 2020ರಲ್ಲಿ ತೋರಿಸಿತು. 2021ರ ನವೆಂಬರ್‌ನಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಂಡರು. ಮೇಜಿನ ಈ ಬದಿಯಲ್ಲಿದ್ದವರು ಯಾವತ್ತಾದರೂ ಆ ಬದಿಯ ಕುರ್ಚಿಯಲ್ಲಿ ಕೂರಬೇಕಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ನಮ್ಮ ದೇಶದಲ್ಲಿ ಲೈಸೆನ್ಸಿಗಾಗಿ ಅರ್ಜಿದಾರರೇ ತುಂಬಿ ಸಹಿ ಹಾಕುವ ಒಂದನೇ ನಮೂನೆ ಮೂರ್ಛೆಯ ಬಗ್ಗೆ ಕೇಳುತ್ತದೆ, 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ ಎಂದು ಕೇಳುತ್ತದೆ, ಕೆಂಪು ಹಸಿರು ಗುರುತಿಸುವ ಬಗ್ಗೆ, ಇರುಳುಗುರುಡಿನ ಬಗ್ಗೆ, ಕಿವಿಯ ಬಗ್ಗೆ ಕೇಳುತ್ತದೆ. ಮರೆವಿನ ಹೆಸರನ್ನು ಅದು ಎತ್ತುವುದಿಲ್ಲ. ಚಾಲನೆಯನ್ನು ಅಪಾಯಕ್ಕೊಡ್ಡುವ ಬೇರೆ ಕಾಯಿಲೆ ಇದೆಯೇ ಎಂಬ ಕೊನೆಯ ಸಾಲಿನೊಳಗೆ ಅದು ಅಡಗಿ ಕೂತಿದೆ. ಆ ಸಾಲಿಗೆ ಉತ್ತರ ಬರೆಯಬೇಕಾದವರೂ ಮರೆತವರೇ.

ಆದ್ದರಿಂದ ಮನೆಯಲ್ಲಿ ಅಪ್ಪನೋ ಅಜ್ಜನೋ ದಿನಾ ಹೋಗುವ ಪೇಟೆಯ ದಾರಿ ತಪ್ಪಿ ಬಂದರೆ, ಗಾಡಿಗೆ ಹೊಸ ಗೀರುಗಳು ಕಾಣತೊಡಗಿದರೆ ನಗಬೇಡಿ, ಗದರಲೂ ಬೇಡಿ. ವೈದ್ಯರಿಗೆ ತೋರಿಸಿ. ಅವರ ಪಕ್ಕದಲ್ಲಿ ಕೂತು ಒಮ್ಮೆ ಪೇಟೆಗೆ ಹೋಗಿ ಬನ್ನಿ, ನಿಮ್ಮ ಕಣ್ಣಿಗೆ ಕಂಡದ್ದನ್ನು ಅವರೊಂದಿಗೆ ಮಾತಾಡಿ. ಕೀಲಿ ಕೇಳಲೇಬೇಕಾದ ದಿನ ಬಂದರೆ, ಇನ್ನು ಮುಂದೆ ಅವರನ್ನು ಎಲ್ಲಿಗೆ, ಯಾವಾಗ, ಯಾರು ಕರೆದುಕೊಂಡು ಹೋಗುತ್ತೀರಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಆಮೇಲೆ ಕೈ ಚಾಚಿ.